ಹದಿನಾಲ್ಕನೇ ನಂಬರಿನ ಪೆಟ್ಟಿಗೆ

ಶನಿವಾರ, ಸಂಜೆ

ಪ್ರೀತಿಯ ಗುಂಡನಿಗೆ,

ಅಕ್ಕನ ಆಶೀರ್ವಾದ. ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದ್ದರೆ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ, ನೀನು ಏನೋ ತಮಾಷೆ ಮಾಡಿ ನಗಿಸಿಬಿಡುತ್ತಿದ್ದೆ. ಈ ಸಲ ನಗುವುದು ಬೇಡ ಅಂತಲೇ ಕಾಗದ ಹಿಡಿದು ಕೂತಿದ್ದೇನೆ.

ನೀನು ಕೆಲಸಕ್ಕಿರುವ ಅಂಗಡಿಯ ಗಾಜಿಗೆ 'ಅರ್ಧ ಬೆಲೆಗೆ ಕಂಪ್ಯೂಟರ್' ಅಂತ ಕೆಂಪು ಹಾಳೆ ಅಂಟಿಸಿದ ದಿನ ಫೋಟೋ ಕಳಿಸಿದ್ದೆಯಲ್ಲ, ಜನ ಮುಗಿಬಿದ್ದಿದ್ದಾರೆ, ನಿಲ್ಲಲು ಜಾಗವಿಲ್ಲ ಅಂತ? ಈಗ ಇಲ್ಲಿ ನಮಗೂ ನಿಲ್ಲಲು ಜಾಗವಿಲ್ಲ. ಆ ಹಾಳೆ ನೋಡಿದ ಮಿಕ್ಕ ಅಂಗಡಿಯವರೆಲ್ಲ ನಮ್ಮ ಫ್ಯಾಕ್ಟರಿಗೆ ಫೋನ್ ಮಾಡಿ, ನಮಗೂ ಅದೇ ದರಕ್ಕೆ ಕೊಡಿ, ಇಲ್ಲದಿದ್ದರೆ ನಿಮ್ಮ ಮಾಲು ನೀವೇ ಇಟ್ಟುಕೊಳ್ಳಿ ಅಂದರಂತೆ. ಲಾರಿಗಟ್ಟಲೆ ಪೆಟ್ಟಿಗೆ ವಾಪಸ್ ಬಂತು. ಗೋಡೌನ್ ಸಾಲದೆ ಕ್ಯಾಂಟೀನಿನಲ್ಲೂ ಪೇರಿಸಿದ್ದಾರೆ. ಟಿವಿಯಲ್ಲಿ ನಮ್ಮ ಕಂಪನಿಯ ಷೇರು ಇವತ್ತೆಷ್ಟು ಬಿತ್ತು ಅಂತ ಹೇಳುವಾಗ ಯಾರೂ ತಟ್ಟೆಯಿಂದ ತಲೆ ಎತ್ತುವುದಿಲ್ಲ.

ಕಂಪ್ಯೂಟರ್ ಪರೀಕ್ಷೆ ಮಾಡಿದವಳು ಅದರ ಪೆಟ್ಟಿಗೆಯ ಮೂಲೆಗೆ ತನ್ನ ನಂಬರಿನ ಚೀಟಿ ಅಂಟಿಸುವುದು ನಮ್ಮಲ್ಲಿ ಪದ್ಧತಿ. ನನ್ನದು ಹದಿನಾಲ್ಕು. ಮೊನ್ನೆ ಊಟಕ್ಕೆ ಕೂತು ಒರಗಿದ ಪೆಟ್ಟಿಗೆಯ ಮೇಲೆ ನೋಡುತ್ತೇನೆ, ಹದಿನಾಲ್ಕು! ಅದರ ಟೇಪ್ ಕೂಡ ಯಾರೂ ಕಿತ್ತಿರಲಿಲ್ಲ. ತಟ್ಟೆ ಬದಿಗಿಟ್ಟು ಎದ್ದುಬಿಟ್ಟೆ ಕಣೋ.

ನಮ್ಮ ಲೈನ್ ನಿಲ್ಲಿಸಿ ಹತ್ತು ದಿನವಾಯಿತು. ಅದನ್ನಾದರೂ ಸಹಿಸಬಹುದು. ಎರಡು ತಿಂಗಳಲ್ಲಿ ಹೊಸ ಮಾದರಿ ಬರುತ್ತದೆ, ಹಳೆಯದರ ಬೆಲೆ ಬೀಳುತ್ತದೆ ಅನ್ನುವ ಗುಟ್ಟು ನಿಮ್ಮ ಅಂಗಡಿಗೆ ಹೇಗೆ ಹೋಯಿತು ಅಂತ ಮ್ಯಾನೇಜರು ವಿಚಾರಣೆ ಶುರುಮಾಡಿದ್ದಾರೆ. ಹೊಸದರ ಡಬ್ಬಗಳು ಇದ್ದದ್ದು ಗೋಡೌನಿನ ಒಳಕೋಣೆಯಲ್ಲಿ. ಅದರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವರು ಒಬ್ಬರೇ, ನಮ್ಮ ಬೀಗದಕ್ಕ. ಅವರನ್ನು ಕೆಲಸದಿಂದ ದೂರ ಇಟ್ಟಿದ್ದಾರೆ.

ನನಗೆ ತಲೆ ಸುತ್ತು ಬಂದ ದಿನ, ಇಲ್ಲಿ ತಂಪಾಗಿದೆ, ಸ್ವಲ್ಪ ಕೂತ್ಕೊ ಬಾರೇ ಅಂತ ಆ ಕೋಣೆಗೆ ಕರೆದು ನೀರು ಕೊಟ್ಟವರು ಅವರೇ. ಆಗಲೇ ನಾನು ಹೊಸ ಡಬ್ಬಗಳನ್ನೂ ಅವುಗಳ ಮೇಲಿದ್ದ ಬಿಡುಗಡೆಯ ತಾರೀಖನ್ನೂ ನೋಡಿದ್ದು. ಒಳಗೆ ಯಾರನ್ನು ಬಿಟ್ಟಿದ್ದೆ ಅಂತ ಮ್ಯಾನೇಜರು ಎಷ್ಟು ಗದರಿಸಿದರೂ ಅವರು ನನ್ನ ಹೆಸರು ಹೇಳಿಲ್ಲ. ಗೇಟಿನ ಹತ್ತಿರ ನನ್ನನ್ನು ನೋಡಿ, ತಲೆ ಸುತ್ತು ಕಡಿಮೆ ಆಯ್ತೇನೇ ಅಂತ ಕೇಳಿದರು. ನಾಚಿಕೆಯಿಂದ ಸತ್ತೆ.

ನಿನ್ನ ಮನೆಗೆ ಬಂದಾಗ ಏನೋ ಮಾತಿನ ಭರದಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಅದನ್ನು ನೀನು ಓಡಿಹೋಗಿ ನಿಮ್ಮ ಮಾಲೀಕರ ಕಿವಿಗೆ ಹಾಕಬೇಕಿತ್ತೇ? ನಿನ್ನ ಮೇಲೆ ಸಿಟ್ಟು ಬರುತ್ತಿದೆ.

ಸೋಮವಾರ ಬೆಳಗ್ಗೆ ಬೀಗದಕ್ಕನ ವಿಚಾರಣೆ. ನಾನು ಎದ್ದು ನಿಂತು, ಹೇಳಿದವಳು ನಾನು ಅನ್ನುತ್ತೇನೆ. ಕೆಲಸ ಹೋಗುವುದು ಖಂಡಿತ. ನಿನ್ನನ್ನು ಕೇಳಿದರೆ ನೀನೂ ನಿಜ ಹೇಳು. ನನ್ನನ್ನು ಉಳಿಸಲು ಕಥೆ ಕಟ್ಟಬೇಡ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಬಾಯಿ ತಪ್ಪಿ ಅಂತ ಮೇಲೆ ಬರೆದದ್ದು ಸುಳ್ಳು, ನಿನಗೂ ಗೊತ್ತು. ಹನ್ನೊಂದು ವರ್ಷ ದಿನವಿಡೀ ಕಂಪ್ಯೂಟರ್ ಪರೀಕ್ಷೆ ಮಾಡಿದರೂ ಮನೆಗೊಂದು ಕೊಳ್ಳಲು ನನ್ನಿಂದ ಆಗಿರಲಿಲ್ಲ. ಹೊಸದು ಬರುತ್ತೆ, ಹಳೆಯದರ ಬೆಲೆ ಇಳಿಸೋಕೆ ನಿಮ್ಮ ಮಾಲೀಕರಿಗೆ ಹೇಳು, ಮೊದಲನೆಯದು ನನ್ನ ಮಗಳಿಗೆ ಎತ್ತಿಡು ಅಂತ ನಿನ್ನ ಕೈ ಹಿಡಿದು ಕೇಳಿದವಳು ನಾನೇ. ಸೋಮವಾರ ಕೊಡಬೇಕಾದ ತಪ್ಪೊಪ್ಪಿಗೆಯನ್ನು ಅವಳೇ, ನೀನು ಎತ್ತಿಟ್ಟು ಕೊಟ್ಟ ಆ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಟ್ಟಳು. ಮುಗಿಸಿ, ಅಮ್ಮಾ, ಇದರಲ್ಲಿ ಬರೋ ಮಗಳು ನಾನೇನಾ ಅಂತ ಕೇಳಿದಳು. ಹೌದು ಅಂದೆ.