ಕ್ಯಾಸೆಟ್ಟಿನ ವಿದಾಯ

ಕಾಸಾಬ್ಲಾಂಕಾ, ಶುಕ್ರವಾರ

ಇನ್ಸಾಫ್ ಅಕ್ಕಾ,

ನಮ್ಮ ನಾಲ್ವರು ಹೆಂಗಸರ ತಂಡದ ವಿಶ್ವ ವಿದಾಯ ಪ್ರವಾಸದಲ್ಲಿ ಹಾಡುತ್ತಿರುವುದು ನಾವಲ್ಲ, ಇಪ್ಪತ್ತು ವರ್ಷದ ಹಿಂದಿನ ನಮ್ಮ ಕ್ಯಾಸೆಟ್ಟು! ನಾವು ಬರೀ ಬಾಯಿ ಆಡಿಸಬೇಕಂತೆ. ನಿನ್ನೆ ಮುಂದೆ ಕೂತಿದ್ದ ಅಜ್ಜಿಯೊಬ್ಬರು, "ಆ ಸಾಲು ಇನ್ನೊಂದ್ಸಲ ಹಾಡೇ, ನನ್ನ ಕಣ್ಣೇ!" ಎಂದು ಕೂಗಿದರು. ಕೇಳಿದ ಮೇಲೆ ಮತ್ತೆ ಹಾಡದಿರುವುದು ನಮ್ಮಲ್ಲುಂಟೇ? ನಾನು ಆ ಸಾಲಿಗೆ ಹಿಂದಿರುಗಿದೆ. ಕ್ಯಾಸೆಟ್ಟು ಮುಂದೆ ಹೋಯಿತು. ಇಡೀ ಸಭೆಯೆದುರು ಗುಟ್ಟು ರಟ್ಟಾಯಿತು.

"ಮಾನ ಕಳೆದ್ಯಲ್ಲೇ!" ಎಂದು ಮ್ಯಾನೇಜರ್ ಬಹ್ಗತ್ ಹಾರಾಡಿದ.

"ಮೋಸ ನಿಂದು, ಮಾನ ಕಳೆದಿದ್ದು ನಾನಾ?" ಎಂದೆ.

ಗಂಟಲು ಚೆನ್ನಾಗಿದೆ, ದಿನಾ ಸೋಂಪಿನ ಕಷಾಯ ಕುಡಿಯುತ್ತೇನೆ, ಯಾವ ಸಂಪತ್ತಿಗೋ!

ಆ ಅಜ್ಜಿ ಹಿಂಬಾಗಿಲಲ್ಲಿ ಕಾದಿದ್ದರು. ಮೆಟ್ಟಿಲ ಮೇಲೇ ಆ ಸಾಲನ್ನು ಮೂರು ಸಲ ಹಾಡಿದೆ; ದನಿ ಒಡೆಯಿತು. "ಈಗ ಬಂದೆ ನೋಡು ನೀನು," ಎಂದರು.

ಬಸ್ಸು ಹೊರಡುತ್ತಿದೆ.

ಶಾಹಿನಾಜ್