ಅತ್ತೆ ಹೊಕ್ಕ ನೀಲಿ ಚೀಲ

ಜನವರಿ ೧೨, ಭಾನುವಾರ

ಇವತ್ತೂ ಸ್ಲೀಪಿಂಗ್ ಬ್ಯಾಗಿನದೇ ಧ್ಯಾನ. ಇನ್ನು ತಿಂಗಳುಗಟ್ಟಲೆ ಬೆಟ್ಟ ಹತ್ತಿ ಇಳಿಯಬೇಕಾದ ಬೆನ್ನು ನನ್ನದು, ಹೊರೆ ಹಗುರವಿರಬೇಕು. ಅಂಗಡಿಯಿಂದ ಎರಡು ತಂದಿದ್ದೇನೆ. ನಾಳೆ ಒಂದನ್ನು ಹಿಂದಿರುಗಿಸಬೇಕು. ಅಡುಗೆಮನೆಯ ತಕ್ಕಡಿಗೆ ಹಾಕಿದರೆ, ಬಾತುಕೋಳಿಯ ಪುಕ್ಕ ತುಂಬಿದ ನೀಲಿಯದು ಹೂವೆತ್ತಿದ ಹಾಗಿದೆ. ಆದರೆ ಇಷ್ಟು ತೆಳ್ಳಗಿನದು ಚಳಿ ತಡೆದೀತೇ?

ನಾನು ಹೊರಡುವುದೇ ಅತ್ತೆಗೆ ಇಷ್ಟವಿಲ್ಲ. "ಇದೇನೇ, ಸೊಳ್ಳೆಪರದೆನಾ? ಇದ್ರಲ್ಲಿ ಯಾರಿಗೆ ನಿದ್ದೆ ಬರುತ್ತೆ? ತಡಿ, ತೋರಿಸ್ತೀನಿ" ಎಂದು ಬಾಲ್ಕನಿಯ ತಣ್ಣನೆಯ ನೆಲಕ್ಕೇ ಅದನ್ನು ಹಾಸಿ, ಒಳಗೆ ನುಸುಳಿ, ಗಲ್ಲದವರೆಗೆ ಜಿಪ್ ಎಳೆದುಕೊಂಡರು. ಮಾತ್ರೆ ನುಂಗಿದರೂ ರಾತ್ರಿಯಿಡೀ ಹೊರಳಾಡುವ ಜೀವ ಅದು. ನಾನು ಹಾಲು ಕಾಯಿಸಿ ತರುವಷ್ಟರಲ್ಲಿ ಗೊರಕೆ!

ಇವರು ಹೋಗಿ ಮೆಲ್ಲಗೆ ಅಲುಗಾಡಿಸಿದರು. "ಅಮ್ಮಾ, ಏಳು, ಅದು ಅವಳದ್ದು."

ಕಣ್ಣು ಬಿಡದೆಯೇ ಉತ್ತರ ಬಂತು: "ಅವಳಿಗೆ ಇಂಥದ್ದೇ ಇನ್ನೊಂದು ತಂದ್ಕೊಡೋ. ಬೆಟ್ಟದಲ್ಲಿ ಬೆಚ್ಚಗಿರ್ತಾಳೆ."

ಬೆಟ್ಟದಲ್ಲಿ! ಅವರ ಬಾಯಿಂದಲೇ! ಅಡುಗೆಮನೆಗೆ ಓಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.

ಬಾಲ್ಕನಿಯಲ್ಲಿ ಗೊರಕೆ ಇನ್ನೂ ನಡೆದೇ ಇದೆ. ಅವರ ಮಂಚ ಖಾಲಿ, ದಿಂಬೂ ಖಾಲಿ. ಇವತ್ತು ನಿದ್ದೆ ಬಾರದವಳು ನಾನು.