ಕೊಕ್ಕರೆಯ ಜೋಲಿ

ಫೆಬ್ರವರಿ 6, ಗುರುವಾರ. ಬೆಳಿಗ್ಗೆ

ಗಂಜಿಗೆ ಉಪ್ಪಿಲ್ಲ. ಹೇಳಿದೆ. ಬಡಿಸುವವಳು ತಲೆಯಾಡಿಸಿದಳು. ನಾಳೆಯೂ ಇರುವುದಿಲ್ಲ.

ಹಾಸಿಗೆ ನಾನೇ ಸರಿ ಮಾಡಿದೆ. ವಾಕರ್ ಹಿಡಿದು ಕಿಟಕಿಯವರೆಗೆ ಹೋಗಿ ಬಂದೆ. ಮಂಡಿ ಗೊಣಗಿತು, ಬೈದೆ, ಸುಮ್ಮನಾಯಿತು. ಈ ವೃದ್ಧಾಶ್ರಮದ ಮಹಡಿಯಲ್ಲಿ ಯಾರ ಕೈಯೂ ಹಿಡಿಯದೆ ಏಳುವವಳು ನಾನೊಬ್ಬಳೇ. ಅದು ಹಾಗೆಯೇ ಇರಬೇಕು.

ಪರದೆಯ ಆಚೆ ನನ್ನ ನಾದಿನಿ. ಲಕ್ವ ಹೊಡೆದ ಮೇಲೆ ಅವಳ ಬಲಗೈ, ಬಲಗಾಲು ಅವಳ ಮಾತು ಕೇಳುವುದಿಲ್ಲ. ನಾಲಿಗೆಯೂ ತೊದಲು. ಹೆತ್ತ ಮಗಳಿಗೇ ಅರ್ಥವಾಗುವುದಿಲ್ಲ. ನನಗೆ ಒಂದಕ್ಷರ ಬಿಡದೆ ಆಗುತ್ತದೆ. ನಾನು ಮದುವೆಯಾಗಿ ಬಂದ ದಿನದಿಂದ ನನ್ನೊಡನೆ ಜಗಳವಾಡಿದ ನಾಲಿಗೆ ಅದು. ಅವಳಿರುವ ಕೋಣೆಯೇ ಬೇಕೆಂದು ನಾನು ಕೇಳಿದ್ದು ಕಿಟಕಿಗಾಗಿ. ಬೇರೆ ಕಾರಣವಿಲ್ಲ.

ಅದೇ ದಿನ, ಸಂಜೆ

ಪೆನ್ನಿನ ಮೊನೆ ಹಾಳೆ ಹರಿಯಿತು. ಸಿಟ್ಟಿಗೆ.

ಏಳಲಾಗದವರನ್ನು ಹಾಸಿಗೆಯಿಂದ ಕುರ್ಚಿಗೆ ಸಾಗಿಸಲು ಇಲ್ಲಿ ಒಂದು ಮೆಷೀನ್ ಇದೆ. ಉದ್ದ ಕುತ್ತಿಗೆ, ಪುಟ್ಟ ಚಕ್ರಗಳು. ಕುತ್ತಿಗೆಗೆ ಬಟ್ಟೆಯ ಜೋಲಿ ಸಿಕ್ಕಿಸಿ, ಅದರಲ್ಲಿ ಕೂರಿಸಿ ಬಟನ್ ಒತ್ತಿದರೆ ಮೆಲ್ಲಗೆ ಮೇಲೆತ್ತುತ್ತದೆ. ನಾವೆಲ್ಲ ಕೊಕ್ಕರೆ ಅನ್ನುತ್ತೇವೆ. ನಾದಿನಿಯನ್ನು ಅದರಲ್ಲೇ ಎತ್ತಬೇಕು, ಇಬ್ಬರು ಇರಬೇಕು ಎಂದು ಅವಳ ಮಂಚದ ತಲೆಯ ಕಡೆ ಬರೆದು ಅಂಟಿಸಿದ್ದಾರೆ.

ಊಟದ ಹೊತ್ತು. ದಪ್ಪ ಆಯಾ ಕೊಕ್ಕರೆ ತರಲು ಹೊರಟಿದ್ದಳು. ಸೂಪರ್‌ವೈಸರ್ ತಡೆದ. ಇವನಿಗೆ ನಾವಿಟ್ಟ ಹೆಸರು 'ಎರಡು ನಿಮಿಷ'. ಏನು ಕೇಳಿದರೂ ಎರಡು ನಿಮಿಷ ಅನ್ನುತ್ತಾನೆ, ಅರ್ಧ ದಿನ ಮಾಯವಾಗುತ್ತಾನೆ. "ಅದನ್ನ ಯಾಕೆ ಎಳ್ಕೊಂಡ್ ಬರ್ತೀಯ, ಎರಡು ನಿಮಿಷದ ಕೆಲಸ" ಎಂದ. ಆಯಾಳನ್ನು ಪಕ್ಕದ ಕೋಣೆಗೆ ಅಟ್ಟಿದ. ನಾದಿನಿಯ ಕಂಕುಳಿಗೆ ಎರಡೂ ಕೈ ಹಾಕಿ, ಮೂಟೆ ಎಳೆಯುವ ಹಾಗೆ ಎಳೆದ.

ಪರದೆಯ ಸಂದಿಯಿಂದ ನೋಡಿದೆ. ಲಟಕ್ ಎಂದದ್ದು ಕೇಳಿಸಿತು. ಬಲಭುಜ ಕಳಚಿತ್ತು.

ಅವಳು ಕಿರುಚಲಿಲ್ಲ. ನಮ್ಮ ಮನೆಯಲ್ಲಿ ಕಿರುಚುವ ಅಭ್ಯಾಸ ಇಲ್ಲ.

ಫೆಬ್ರವರಿ 9, ಭಾನುವಾರ

ನಾದಿನಿಯನ್ನು ಆಸ್ಪತ್ರೆಯಿಂದ ಕರೆತಂದರು. ಭುಜ ಕೂರಿಸಿ ಪಟ್ಟಿ ಕಟ್ಟಿದ್ದಾರೆ. ಜೊತೆಗೆ ಅವಳ ಮಗಳು. ಮಗಳ ಮುಂದೆ ಎರಡು ನಿಮಿಷನ ಬಾಯಲ್ಲಿ ಬೆಣ್ಣೆ. ಅಜ್ಜಿ ಒಬ್ಬರೇ ಏಳಲು ಹೋದರಂತೆ. ಬೀಳುವಾಗ ಇವನು ಓಡಿ ಬಂದು ಹಿಡಿದನಂತೆ. ಹಿಡಿದದ್ದಕ್ಕೆ ಭುಜ ಮಾತ್ರ ಹೋಯಿತಂತೆ, ಇಲ್ಲದಿದ್ದರೆ ತಲೆಯೇ ಒಡೆಯುತ್ತಿತ್ತಂತೆ. ಮಗಳು ಅವನಿಗೆ ಕೈಮುಗಿದಳು.

ನಾದಿನಿ ತೊದಲುತ್ತಾ ಎಲ್ಲವನ್ನೂ ಹೇಳಿದಳು. "ನೀರು ಕೇಳ್ತಿದ್ದಾರೆ" ಎಂದು ಅವನು ಅರ್ಥ ಹೇಳಿದ.

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮಗಳು ನನ್ನನ್ನು ಮೂಲೆಗೆ ಕರೆದಳು. "ಅತ್ತೆ, ನೀವು ಪರದೆ ಹಿಂದೆ ಇದ್ರಿ. ಅಮ್ಮನ ಹಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀವೇ ಜೀವನ ಪೂರ್ತಿ ಹೇಳ್ಕೊಂಡ್ ಬಂದಿದ್ದೀರಲ್ಲ."

ನಾನು ಹೇಳಿದ್ದು ನಿಜ. ಆದರೆ ಅವಳನ್ನು ಹಟಮಾರಿ ಅನ್ನುವ ಹಕ್ಕು ನನ್ನದು. ಕಂಡವರಿಗೆ ಬಿಟ್ಟುಕೊಟ್ಟಿಲ್ಲ.

ಇನ್ನು ಮೇಲೆ ಅವಳಿಗೆ ಬೆಲ್ಟ್. ಸೊಂಟಕ್ಕೆ ಸುತ್ತಿ ಮಂಚಕ್ಕೆ ಬಿಗಿಯುವುದು. ಸೇಫ್ಟಿಗೆ ಅಂತೆ. ಮಗಳು ಒಪ್ಪಿದಳು.

ಕೊಕ್ಕರೆ ಕಾರಿಡಾರಿನ ಕೊನೆಯಲ್ಲಿ ನಿಂತಿದೆ. ಕುತ್ತಿಗೆಯ ಮೇಲೆ ಯಾರದೋ ಏಪ್ರನ್ ಒಣಗುತ್ತಿದೆ. ಜೋಲಿ ಎಲ್ಲಿ ಎಂದು ಕೇಳಿದೆ. ಲಾಂಡ್ರಿಯವಳು ಒಯ್ದಳಂತೆ. ಕೊಳೆ ಬಟ್ಟೆ ತುಂಬಲು ಅಂಥ ಗಟ್ಟಿ ಚೀಲ ಬೇರೆ ಸಿಗುವುದಿಲ್ಲವಂತೆ.

ಫೆಬ್ರವರಿ 13, ಗುರುವಾರ

ನಾದಿನಿ ಮಾತು ನಿಲ್ಲಿಸಿದ್ದಾಳೆ. ಬೇಕೆಂದೇ ಅವಳ ಅಡುಗೆಯನ್ನು ಹಳಿದೆ. ಅವಳ ಗಂಡನ ಗೊರಕೆಯ ವಿಷಯ ಎತ್ತಿದೆ. ಉಹುಂ. ಗೋಡೆಯ ಕಡೆ ಮುಖ. ಅರ್ಧ ಬ್ರೆಡ್ ತಿಂದಳು, ಅದೂ ನಾನು ಗದರಿದ ಮೇಲೆ.

ಕಟ್ಟಿ ಹಾಕಿದ ಮನುಷ್ಯ ಹೀಗೆಯೇ ಸಾಯುವುದು. ಒಮ್ಮೆಲೇ ಅಲ್ಲ. ಮೊದಲು ಮಾತು, ಆಮೇಲೆ ಊಟ...

ಇಲ್ಲ. ನಾನು ಇರುವಾಗ ಇಲ್ಲ.

ಫೆಬ್ರವರಿ 17, ಸೋಮವಾರ

ದಪ್ಪ ಆಯಾ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಒಳ್ಳೆಯವಳು, ಬಾಯಿ ಮಾತ್ರ ಸಡಿಲ. ಕೆಲಸಕ್ಕೆ ಸೇರುವಾಗ ಏನು ಕಲಿಸಿದರು ಎಂದು ಕೇಳಿದೆ. ಹೇಳುತ್ತಾ ಹೋದಳು. ಸೊಂಟ ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ಭಾರ ಹಿಡಿದು ನಡು ತಿರುಗಿಸಬಾರದು. ಮೈಬಿಟ್ಟವರನ್ನು, ಅಂದರೆ ಬಿಗಿ ಹಿಡಿಯದೆ ಜೋತುಬಿದ್ದವರನ್ನು, ಒಬ್ಬರೇ ಎತ್ತಲೇಬಾರದು. "ಮೈಬಿಟ್ರೆ ಸಣಕಲು ಅಜ್ಜಿನೂ ಆನೆ ಅಮ್ಮ. ನನ್ನ ಜೊತೆಯವಳ ಬೆನ್ನು ಹಾಗೇ ಹೋಯ್ತು. ಇವತ್ತಿಗೂ ಬಗ್ಗಿ ಚಪ್ಪಲಿ ಹಾಕ್ಕೊಳ್ಳಲ್ಲ."

ಸೂಪರ್‌ವೈಸರಿಗೂ ಇದನ್ನೆಲ್ಲ ಕಲಿಸಿದ್ದಾರಾ ಎಂದೆ. "ಅಯ್ಯೋ, ಕಲಿಸೋದೇ ಅವರು."

ಸರಿ. ಹಾಗಾದರೆ ಗೊತ್ತಿದ್ದೇ ಮಾಡಿದ್ದಾನೆ.

ಮಧ್ಯಾಹ್ನ ಎರಡನೇ ಸಲ ಬಡಿಸಿಕೊಂಡೆ. ನಾನು ಹುಟ್ಟಾ ಸಣಕಲಲ್ಲ.

ಫೆಬ್ರವರಿ 24, ಸೋಮವಾರ

ಬೆಳಿಗ್ಗೆ ಎರಡು ಮೊಟ್ಟೆ, ಬೆಣ್ಣೆ ಬಳಿದ ಬ್ರೆಡ್. ಮಧ್ಯಾಹ್ನ ತಟ್ಟೆ ತುಂಬಾ. ನರ್ಸ್‌ಗೆ ಖುಷಿಯೋ ಖುಷಿ. ರವಿಕೆಯ ಗುಂಡಿ ಒಂದು ಹಾರಿತು. ಹಾರಲಿ.

ಹಾಸಿಗೆಯಲ್ಲಿ ಮೈಬಿಡುವ ಅಭ್ಯಾಸ ನಡೆದಿದೆ. ಸುಲಭವಲ್ಲ. ಹುಟ್ಟಿದಾಗಿನಿಂದ ಬೆನ್ನು ನೆಟ್ಟಗಿಟ್ಟವಳು ನಾನು. ಕುತ್ತಿಗೆ ಒಪ್ಪುತ್ತದೆ, ಭುಜ ಒಪ್ಪುವುದಿಲ್ಲ.

ನಾದಿನಿ ಈ ಕಡೆ ಹೊರಳಿ ನೋಡಿದಳು. ಎಷ್ಟೋ ದಿನದ ಮೇಲೆ ಬಾಯಿಬಿಟ್ಟಳು. "ಏನ್ ಅತ್ತಿಗೆ, ಪ್ರಾಣ ಹೋಗ್ತಿದ್ಯಾ?" ನಿನ್ನ ಮುಂಚೆ ಹೋಗುವುದಿಲ್ಲ ಎಂದೆ. ತುಟಿ ಒಂದು ಕಡೆ ಏರಿತು. ಲಕ್ವದ ನಂತರ ಅವಳ ನಗು ಅಷ್ಟೇ.

ಬರುವ ಭಾನುವಾರ ಮನೆಯವರೆಲ್ಲ ಬರುವ ದಿನ. ಜಾಗ ನೋಡಿಟ್ಟಿದ್ದೇನೆ. ಹಾಲ್‌ನಲ್ಲಿ ಕಂಬಕ್ಕೂ ಸೋಫಾಕ್ಕೂ ನಡುವೆ ಇಕ್ಕಟ್ಟು. ಅಲ್ಲಿ ಕೂತವರನ್ನು ಎತ್ತಬೇಕಾದರೆ ಸೊಂಟ ಬಗ್ಗಿಸಲೇಬೇಕು, ತಿರುಗಲೇಬೇಕು.

ಮಾರ್ಚ್ 4, ಮಂಗಳವಾರ

ಆಸ್ಪತ್ರೆಯಲ್ಲಿ ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದೆ. ಪರವಾಗಿಲ್ಲ.

ಭಾನುವಾರ ಹಾಲ್ ಕಿಕ್ಕಿರಿದಿತ್ತು. ಮಕ್ಕಳು, ಸೊಸೆಯಂದಿರು, ಹೂವು, ಬಿಸ್ಕತ್ತು. ನಾದಿನಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು, ಬೆಲ್ಟ್ ಸಮೇತ. ಪಕ್ಕದಲ್ಲಿ ಮಗಳು, ಕೈಯಲ್ಲಿ ಕಾಫಿ. ಎರಡು ನಿಮಿಷ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರಿಗೂ ಹಲ್ಲು ಕಿರಿಯುತ್ತಿದ್ದ.

ಕಂಬದ ಪಕ್ಕ ಹೋದೆ. ಸೋಫಾದ ಕೈ ಹಿಡಿದೆ. ಮೆಲ್ಲಗೆ ಜಾರಿದೆ. ನೆಲದ ಮೇಲೆ ಕೂತೆ. ಅಯ್ಯೋ ಎಂದೆ. ಒಂದೇ ಸಲ, ಸಾಕಾಗುವಷ್ಟು.

ಎಲ್ಲರೂ ತಿರುಗಿದರು. ಅವನು ಓಡಿ ಬಂದ. ಕೊಕ್ಕರೆ ತರಲು ಹೇಳಿ ಎಂದೆ. ಮನೆಯವರ ಮುಂದೆ ಅದನ್ನು ಎಳೆತರುವುದು ಅವನಿಗೆ ಬೇಕಿರಲಿಲ್ಲ. ಜೋಲಿ ಎಲ್ಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ. "ಅದೆಲ್ಲ ಬೇಡ ಅಜ್ಜಿ, ಎರಡು ನಿಮಿಷ" ಎಂದ. ನಾನು ಕೇಳಬೇಕೆಂದಿದ್ದ ಮಾತು ಅದೇ. ಇಕ್ಕಟ್ಟಿನಲ್ಲಿ ನುಗ್ಗಿ, ಸೊಂಟ ಬಗ್ಗಿಸಿ, ನನ್ನ ಕಂಕುಳಿಗೆ ಕೈ ಹಾಕಿದ. ಎತ್ತಿದ. ಅರ್ಧಕ್ಕೆ ಬರುವವರೆಗೂ ಮೈ ಬಿಗಿಹಿಡಿದಿದ್ದೆ. ಅವನು ಸೋಫಾದ ಕಡೆ ತಿರುಗಿದ.

ಮೈಬಿಟ್ಟೆ.

ಅವನ ಬಾಯಿಂದ ಬಂದ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ನಾನು ಕೆಳಗೆ, ನನ್ನ ಪಕ್ಕದಲ್ಲೇ ಅವನು, ಮಗ್ಗುಲಾಗಿ, ಬಿಲ್ಲಿನ ಹಾಗೆ. ಅಲುಗಾಡಲಾರ. ಇಬ್ಬರು ಆಯಾಗಳು ಓಡಿ ಬಂದರು. ಗಾಬರಿಯಲ್ಲಿ ಅವನ ಕಂಕುಳಿಗೇ ಕೈ ಹಾಕಿದರು. ಅವನೇ ಮಾಡಿ ತೋರಿಸಿದ ಪಾಠವಲ್ಲವೇ?

"ಎತ್ತಿ" ಎಂದೆ. "ಎರಡು ನಿಮಿಷದ ಕೆಲಸ."

ಆಗ ಅವನು ಹಲ್ಲು ಕಚ್ಚಿಕೊಂಡು, ಇಡೀ ಹಾಲಿಗೆ ಕೇಳುವಂತೆ ಹೇಳಿದ. "ಕಂಕುಳು ಹಿಡೀಬೇಡಿ. ಭುಜ ಕಳಚುತ್ತೆ. ಆ ಅಜ್ಜಿದೂ ಹೀಗೇ ಎತ್ತಿ ಹೋಗಿದ್ದು. ಮೆಷೀನ್ ತನ್ನಿ."

ಹೇಳಿದ ಮೇಲೆ ಅವನಿಗೇ ಅರಿವಾಯಿತು. ನಾದಿನಿಯ ಮಗಳ ಕಡೆ ನೋಡಿದ. ನಾನೂ ನೋಡಿದೆ. ಕಾಫಿ ಅವಳ ಸೆರಗಿನ ಮೇಲೆ ಚೆಲ್ಲುತ್ತಿತ್ತು, ಅವಳಿಗೆ ಗೊತ್ತೇ ಇಲ್ಲ. ಕಪ್ ಕೆಳಗಿಟ್ಟಳು. ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೆಲ್ಟ್ ಬಿಚ್ಚಿದಳು. ಕೊಕ್ಕೆ ಗಟ್ಟಿಯಾಗಿತ್ತು, ಉಗುರು ಮುರಿಯಿತು. ಆದರೂ ಬಿಡಲಿಲ್ಲ.

ಲಾಂಡ್ರಿಯಿಂದ ಜೋಲಿ ಬಂತು, ಒದ್ದೆ ಹೊದಿಕೆಗಳ ಸಮೇತ. ಹೊದಿಕೆ ಸುರಿದು ಅವನನ್ನು ತುಂಬಿದರು. ನೀರು ತೊಟ್ಟಿಕ್ಕುವ ಜೋಲಿಯಲ್ಲಿ, ಮಳೆಗೆ ಸಿಕ್ಕ ಬೆಕ್ಕಿನ ಹಾಗೆ, ಎಲ್ಲರ ಮುಂದೆ ಮೇಲೇರಿದ. ನನ್ನ ಹೊಟ್ಟೆ ತಣ್ಣಗಾಯಿತು.

ಆಮೇಲೆ ನನ್ನ ಸರದಿ ಎಂದರು. ಬೇಡ ಎಂದೆ. ಅಷ್ಟು ಜನರ ಮುಂದೆ ನಾನು ಜೋತಾಡುವುದೇ? ನಾನೇ ಏಳುತ್ತೇನೆ ಎಂದೆ. ಸೋಫಾ ಹಿಡಿದು ಎದ್ದೆ.

ಅರ್ಧ ಎದ್ದೆ.

ಮಾರ್ಚ್ 19, ಬುಧವಾರ

ಆಸ್ಪತ್ರೆಯಿಂದ ವಾಪಸ್. ಅಂದು ಏಳುವಾಗ ಮುರಿದ ಸೊಂಟದ ಮೂಳೆಗೆ ರಾಡು ಹಾಕಿದ್ದಾರೆ. ಡಾಕ್ಟರು ಹೇಳುವವರೆಗೆ ಆ ಕಾಲು ನೆಲಕ್ಕೆ ಊರುವಂತಿಲ್ಲ. ವಾಕರನ್ನು ಒಳಗಿಟ್ಟು ಬೀಗ ಹಾಕಿದ್ದಾರೆ.

ನಾದಿನಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ. ನನ್ನ ಕಿಟಕಿ. ಬೆಲ್ಟ್ ಇಲ್ಲ. ಬ್ರೆಡ್ ಮೇಲೆ ಬ್ರೆಡ್ ತಿನ್ನುತ್ತಿದ್ದಾಳೆ, ಚೂರು ಬೀಳಿಸುತ್ತಿದ್ದಾಳೆ. ನನ್ನನ್ನು ನೋಡಿ ಎಂದಳು: "ಬಿದ್ದಿದ್ದು ಚೆನ್ನಾಗಿತ್ತು ಅತ್ತಿಗೆ. ಎದ್ದಿದ್ದೇ ಚೆನ್ನಾಗಿರ್ಲಿಲ್ಲ."

ಬಾಯಿ ಮುಚ್ಚು ಎಂದೆ. ಮುಚ್ಚಲಿಲ್ಲ. ಒಳ್ಳೆಯದಾಯಿತು.

ಮಾರ್ಚ್ 22, ಶನಿವಾರ

ಕೊಕ್ಕರೆಯಲ್ಲಿ ಮೊದಲ ಸಲ. ಕಣ್ಣು ಮುಚ್ಚಿದ್ದೆ. ನಾದಿನಿ ಕುರ್ಚಿಯಿಂದಲೇ ಯಜಮಾನಿಕೆ ನಡೆಸಿದಳು. ಕೈ ಎದೆಯ ಮೇಲಿಟ್ಟುಕೊಳ್ಳಬೇಕಂತೆ, ಬಿಗಿ ಹಿಡಿಯಬಾರದಂತೆ. ನನಗೆ ಹೇಳಿಕೊಡಲು ಅವಳಿಗೆ ಈ ಜನ್ಮದಲ್ಲಿ ಸಿಕ್ಕ ಮೊದಲ ವಿಷಯ. ಅನುಭವಿಸಲಿ.

ಕಣ್ಣು ಬಿಟ್ಟಾಗ ಕಪಾಟಿನ ನೆತ್ತಿ ಕಂಡಿತು. ಬೆರಳು ದಪ್ಪ ಧೂಳು. ಅಲ್ಲಿಂದಲೇ ಗದರಿದೆ. ಸಂಜೆಯೊಳಗೆ ಒರೆಸಿದರು.

ಏಪ್ರಿಲ್ 8, ಮಂಗಳವಾರ

ಎರಡು ನಿಮಿಷ ಮತ್ತೆ ಬಂದ. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆದಿಲ್ಲ, ಹುದ್ದೆಯಿಂದ ಇಳಿಸಿದ್ದಾರೆ. ಬಗ್ಗುವಂತಿಲ್ಲ, ಎತ್ತುವಂತಿಲ್ಲ. ಸೊಂಟಕ್ಕೆ ಅಗಲವಾದ ಬೆಲ್ಟ್. ನೋಡಿದೆ, ಮತ್ತೊಮ್ಮೆ ನೋಡಿದೆ. ಅವನಿಗೆ ಕೊಟ್ಟ ಕೆಲಸ ಒಂದೇ. ಆಯಾ ಜೋಲಿ ಹಿಡಿದಿರುವಾಗ ಕೊಕ್ಕರೆಯ ಬಟನ್ ಒತ್ತುವುದು.

ತಪ್ಪಾಯಿತು ಎನ್ನಲಿಲ್ಲ. ನಾದಿನಿಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ನನ್ನನ್ನು ಮೇಲೆತ್ತಿದ. ನಡು ಗಾಳಿಯಲ್ಲಿ ನಿಲ್ಲಿಸಿದ. ಹೊದಿಕೆ ತರಲು ಆಯಾಳನ್ನು ಕಳಿಸಿದ. ಫೋನ್ ತೆಗೆದ. "ಎರಡು ನಿಮಿಷ ಅಜ್ಜಿ" ಎಂದು ಬಾಗಿಲ ಹೊರಗೆ ಹೋದ.

ಜೋತಾಡಿದೆ. ಅವನು ನಿಂತಿದ್ದ ಜಾಗವನ್ನು ಮೇಲಿನಿಂದ ಅಳೆದೆ. ಆಯಾ ಬಂದು ಇಳಿಸಿದಳು.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ

ಗಂಜಿಗೆ ಇವತ್ತೂ ಉಪ್ಪಿಲ್ಲ.

ಕಾರಿಡಾರಿನಲ್ಲಿ ಚಕ್ರದ ಸದ್ದು. ಹಿಂದೆಯೇ ಅವನ ಕಾಲೆಳೆಯುವ ಸದ್ದು. ನಾದಿನಿ ಸರಿಯಿರುವ ಕೈಯಲ್ಲಿ ಕರೆಗಂಟೆ ಹಿಡಿದು ಕೂತಿದ್ದಾಳೆ. ನಿನ್ನೆಯಂತೆ ಬಿಟ್ಟು ಹೋದರೆ ಒತ್ತುತ್ತಾಳಂತೆ. ಈಗಲೇ ಬೇಡ, ನಾನು ಹೇಳಿದ ಮೇಲೆ ಎಂದಿದ್ದೇನೆ. ಅವನು ಮೊದಲು ನನ್ನನ್ನು ಮೇಲೆತ್ತಲಿ. ಅಲ್ಲಿಂದ ಅವನ ನಡುನೆತ್ತಿ ನೇರ ಕೆಳಗೆ ಬರುತ್ತದೆ, ನಿನ್ನೆಯೇ ನೋಡಿಕೊಂಡಿದ್ದೇನೆ. ಶಾಲಿನ ಒಳಗೆ ಲೋಟ ಇದೆ. ಭರ್ತಿ. ನಾದಿನಿ ತನ್ನ ಪಾಲಿನ ಗಂಜಿಯನ್ನೂ ಕೊಟ್ಟಿದ್ದಾಳೆ. ಅದರಲ್ಲಿರುವುದು ನೀರು ಎಂದು ಅವನು ಅರ್ಥ ಹೇಳಿಕೊಳ್ಳಲಿ. ಬಾಗಿಲು ತೆರೆಯಿತು, ಬರೆಯುವುದು ಇಲ್ಲಿಗೆ ಸಾಕು.